ಹಾಲು ಉಕ್ಕಿಸಿದ ಮನೆಗೆ ಓಸಿ ಬಂದಿದೆಯೇ?

"ಗೃಹಪ್ರವೇಶ ಆಗಿದೆ ಮೇಡಂ, ಇನ್ನೇನು ಬೇಕು?"

ಬಾಡಿಗೆ ಕರಾರು ಬರೆಸಲು ಚಂದಾಪುರದ ನನ್ನ ಕಚೇರಿಗೆ ಬರುವವರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಓಡತೊಡಗಿದ ಮೇಲಂತೂ ಆನೇಕಲ್ ರಸ್ತೆಯ ಹೊಸ ಅಪಾರ್ಟ್‌ಮೆಂಟ್‌ಗಳನ್ನು ಹುಡುಕಿಕೊಂಡು ಬರುವವರು ಹೆಚ್ಚಿದ್ದಾರೆ. ಅಡ್ವಾನ್ಸ್ ಎಷ್ಟು, ಹನ್ನೊಂದು ತಿಂಗಳ ಮೇಲೆ ಎಷ್ಟು ಏರಿಕೆ, ಖಾಲಿ ಮಾಡುವಾಗ ಸುಣ್ಣಬಣ್ಣದ ಖರ್ಚು ಯಾರದು, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾತನಾಡಿಕೊಂಡೇ ಬರುತ್ತಾರೆ. ಕಟ್ಟಡಕ್ಕೆ ಓಸಿ ಬಂದಿದೆಯೇ ಎಂದು ಕೇಳಿದರೆ ಮಾತ್ರ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಮಾಲೀಕರ ಮುಖ ನೋಡುತ್ತಾಳೆ.

ಅವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಪುರೋಹಿತರು ನೋಡುವುದು ಮುಹೂರ್ತವನ್ನು. ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರೆಯೇ ಎಂದು ನೋಡಬೇಕಾದದ್ದು ಯೋಜನಾ ಪ್ರಾಧಿಕಾರ ಅಥವಾ ಸ್ಥಳೀಯ ಸಂಸ್ಥೆ. ಹಾಗೆ ನೋಡಿ, ಇಲ್ಲಿ ಜನ ವಾಸ ಮಾಡಬಹುದು ಎಂದು ಕೊಡುವ ಕಾಗದವೇ ಸ್ವಾಧೀನಾನುಭವ ಪತ್ರ, ಅಂದರೆ ಓಸಿ. ಬಿಲ್ಡರ್ ಬೀಗದ ಕೈ ಕೊಟ್ಟ ಮಾತ್ರಕ್ಕೆ ಓಸಿ ಬಂದಂತಲ್ಲ. ಕ್ರಯಪತ್ರ ನೋಂದಣಿಯಾದರೂ ಬಂದಂತಲ್ಲ. ಬ್ಯಾಂಕು ಸಾಲ ಕೊಟ್ಟಿದ್ದರೂ ಬಂದಂತಲ್ಲ. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಹಸಿರಾಗಿದ್ದರೂ ಬಂದಂತಲ್ಲ. "ಸಿಸಿ ಇದೆ" ಎಂದು ಯಾರಾದರೂ ಕಾಗದ ತೋರಿಸಿದರೆ ದಯವಿಟ್ಟು ಓದಿ. ಕೆಲಸ ಆರಂಭಿಸಲು ಕೊಡುವ ಅನುಮತಿಯನ್ನೂ ಸಿಸಿ ಎನ್ನುತ್ತಾರೆ, ಕೆಲಸ ಮುಗಿದಿದೆ ಎಂಬ ಪ್ರಮಾಣಪತ್ರವನ್ನೂ ಸಿಸಿ ಎನ್ನುತ್ತಾರೆ. ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಮೊದಲನೆಯದು.

ಓಸಿ ಮನೆ ಕೊಂಡವರ ತಲೆನೋವು, ಬಾಡಿಗೆಗೆ ಇರುವವರಿಗೇಕೆ ಎನ್ನುತ್ತೀರಿ. ಕರೆಂಟು ಉರಿಸುವವರು ನೀವು, ಅದಕ್ಕೆ. ಓಸಿ ಅಥವಾ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿತು. ಮರುವರ್ಷ ನಮ್ಮ ಬೆಸ್ಕಾಂ ಕೂಡ ಓಸಿ ಕೇಳತೊಡಗಿತು. ಸಣ್ಣ ನಿವೇಶನದ ಮನೆಗಳಿಗೆ ಸರ್ಕಾರ ಆಮೇಲೆ ಸಡಿಲಿಕೆ ಕೊಟ್ಟಿದೆ, ನಿಯಮ ಇನ್ನೂ ಬದಲಾಗಬಹುದು. ಆದರೆ ನೂರಾರು ಫ್ಲ್ಯಾಟ್‌ಗಳ ಕಟ್ಟಡಕ್ಕೂ ಆ ಸಡಿಲಿಕೆ ಸಿಗುತ್ತದೆಂದು ಎಣಿಸಬೇಡಿ. ಓಸಿ ಬಾರದ ಕಟ್ಟಡದಲ್ಲಿ ಹಲವು ಬಿಲ್ಡರ್‌ಗಳು ಮಾಡುವುದು ಇಷ್ಟೇ: ಕಟ್ಟುವ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದಿಂದಲೇ ಎಲ್ಲ ಮನೆಗಳಿಗೂ ತಂತಿ ಎಳೆಯುತ್ತಾರೆ. ಯೂನಿಟ್‌ಗೆ ಅವರು ಹೇಳಿದ್ದೇ ದರ. ನಿಮ್ಮ ಮನೆಗೆ ಸ್ವಂತ ಆರ್‌ಆರ್ ಸಂಖ್ಯೆ, ಅಂದರೆ ಬೆಸ್ಕಾಂ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ, ಇಲ್ಲದ ಕಾರಣ ಗೃಹಜ್ಯೋತಿಯೂ ಇಲ್ಲ.

ಹಾಸನದ ಕಡೆಯ ಒಂದು ಜೋಡಿ ನೆನಪಾಗುತ್ತದೆ. ಐದನೇ ಮಹಡಿ, ಎಂಟು ತಿಂಗಳ ಮಗು. ಬಂದ ನಾಲ್ಕನೇ ವಾರ ತಾತ್ಕಾಲಿಕ ಸಂಪರ್ಕ ಕಡಿತವಾಯಿತು. ಲಿಫ್ಟ್ ನಿಂತಿತು, ಪಂಪ್ ನಿಂತಿತು. ಜನರೇಟರ್ ಸಂಜೆ ಎರಡು ತಾಸು ಮಾತ್ರ. ಆ ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ಬಿಂದಿಗೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ರೇರಾಕ್ಕೆ, ದೂರು ಕೊಡುತ್ತೇವೆ ಎಂದು ಬಂದರು. 2016ರ ರೇರಾ ಕಾಯ್ದೆ "ಹಂಚಿಕೆದಾರ", ಅಂದರೆ ಮನೆ ಕೊಂಡವರು, ಯಾರೆಂದು ಹೇಳುವಾಗಲೇ ಬಾಡಿಗೆಗೆ ಪಡೆದವರನ್ನು ಹೊರಗಿಟ್ಟಿದೆ ಎಂದು ತಿಳಿಸಬೇಕಾಗಿ ಬಂದಾಗ ನನಗೇ ಸಂಕಟವಾಯಿತು. ಅವರ ಹಕ್ಕೆಲ್ಲ ಮಾಲೀಕರ ಜೊತೆಗಿನ ಕರಾರಿನಲ್ಲಿತ್ತು. ಎಲ್ಲಿಂದಲೋ ಇಳಿಸಿಕೊಂಡ ಆ ನಮೂನೆಯಲ್ಲಿ ಕರೆಂಟಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮಾಲೀಕರೂ ಮೋಸಗಾರರಲ್ಲ. ನಿವೃತ್ತ ಮೇಷ್ಟ್ರು, ಗ್ರಾಚ್ಯುಟಿ ಹಣವನ್ನೆಲ್ಲ ಸುರಿದು ಮನೆ ಕೊಂಡಿದ್ದರು. ಇಎಂಐ ಶುರುವಾಗಿತ್ತು, ಬಾಡಿಗೆ ಬಾರದೆ ವಿಧಿ ಇರಲಿಲ್ಲ. ಅಡ್ವಾನ್ಸನ್ನು ಮೂರು ಕಂತಿನಲ್ಲಿ ಹಿಂದಿರುಗಿಸಿದರು. ಕೊನೆಯ ಕಂತು ಕೊಟ್ಟ ದಿನ ಮಗುವಿನ ಕೈಗೆ ನೂರು ರೂಪಾಯಿ ಇಟ್ಟರು.

ಆದ್ದರಿಂದ ಅಡುಗೆಮನೆಯ ಗ್ರಾನೈಟ್ ನೋಡುವ ಮೊದಲು ಕೆಳಗಿನ ಮೀಟರ್ ಕೋಣೆಗೆ ಹೋಗಿ. ನಿಮ್ಮ ಫ್ಲ್ಯಾಟ್ ಸಂಖ್ಯೆಯ ಎದುರು ಬೆಸ್ಕಾಂ ಮೀಟರ್ ಇದೆಯೇ ನೋಡಿ, ಆರ್‌ಆರ್ ಸಂಖ್ಯೆ ಇರುವ ಬಿಲ್ ಕೇಳಿ. ಓಸಿಯ ಪ್ರತಿ ಕೇಳಿ, ಅದು ನಿಮ್ಮ ಬ್ಲಾಕಿಗೂ ಅನ್ವಯಿಸುತ್ತದೆಯೇ ಓದಿ. ಕೆಲವೊಮ್ಮೆ ಒಂದು ಬ್ಲಾಕಿಗೆ ಬಂದು ಇನ್ನೊಂದಕ್ಕೆ ಬಾಕಿ ಇರುತ್ತದೆ. ಓಸಿ ಇಲ್ಲದೆಯೂ ಇರಲೇಬೇಕಾದ ಅನಿವಾರ್ಯ ಕೆಲವರಿಗಿರುತ್ತದೆ, ನನಗೆ ಗೊತ್ತು. ಆಗ ಅಡ್ವಾನ್ಸ್ ಕಡಿಮೆ ಮಾಡಿಸಿಕೊಳ್ಳಿ. ವಿದ್ಯುತ್ ಅಥವಾ ನೀರು ಇಂತಿಷ್ಟು ದಿನ ನಿಂತರೆ ಮುಂಗಡ ನೋಟಿಸ್ ಇಲ್ಲದೆ ಖಾಲಿ ಮಾಡಬಹುದು, ಅಡ್ವಾನ್ಸ್ ಪೂರ್ತಿ ವಾಪಸು ಬರಬೇಕು ಎಂಬ ಸಾಲನ್ನು ಸೇರಿಸಲು ನಿಮ್ಮ ವಕೀಲರಿಗೆ ಹೇಳಿ. ಎಷ್ಟು ದಿನ ಎಂಬುದನ್ನು ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಬರೆಸಿ.