ಎಂಜಿನಿಯರಿಂಗ್ ಓದಿಗೆ ಲ್ಯಾಪ್‌ಟಾಪ್: ಮೊದಲು ಲ್ಯಾಬ್ ಮ್ಯಾನ್ಯುವಲ್ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಸಿಇಟಿ ಸೀಟು ಖಾತ್ರಿಯಾದ ಕೂಡಲೇ ಮನೆಯಲ್ಲಿ ಲ್ಯಾಪ್‌ಟಾಪ್ ಮಾತು ಶುರುವಾಗುತ್ತದೆ. ಯಾವ ಕಂಪನಿಯದು ಒಳ್ಳೆಯದು ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಿಮ್ಮ ಬ್ರಾಂಚಿನ ಲ್ಯಾಬ್‌ಗಳಲ್ಲಿ ಯಾವ ಸಾಫ್ಟ್‌ವೇರ್ ಬಳಸುತ್ತಾರೆ, ಅದು ಯಾವ ಆಪರೇಟಿಂಗ್ ಸಿಸ್ಟಂ ಮೇಲೆ ಓಡುತ್ತದೆ, ಇವೆರಡನ್ನು ಮೊದಲು ತಿಳಿದುಕೊಳ್ಳಿ. ಸೀನಿಯರ್‌ಗಳ ಹತ್ತಿರ 3ನೇ ಸೆಮಿಸ್ಟರ್‌ನಿಂದ ಮುಂದಿನ ಲ್ಯಾಬ್ ಮ್ಯಾನ್ಯುವಲ್‌ಗಳನ್ನು ಕೇಳಿ ಪಡೆದು ತಿರುವಿ ಹಾಕಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲ ವರ್ಷಕ್ಕೆ ಅವಸರವಿಲ್ಲ. ವಿಟಿಯು ಕಾಲೇಜುಗಳಲ್ಲಿ ಪಿ ಸೈಕಲ್ (ಫಿಸಿಕ್ಸ್), ಸಿ ಸೈಕಲ್ (ಕೆಮಿಸ್ಟ್ರಿ) ಎಂಬ ಮೊದಲ ವರ್ಷದ ಎರಡು ಸೆಮಿಸ್ಟರ್ ಮುಗಿಯುವವರೆಗೆ ಕಂಪ್ಯೂಟರ್ ಬೇಕಾಗುವುದು ಮುಖ್ಯವಾಗಿ ಪ್ರೋಗ್ರಾಮಿಂಗ್ ಲ್ಯಾಬಿಗೆ ಮತ್ತು ಡ್ರಾಯಿಂಗಿಗೆ, ಅಂದರೆ ಕಂಪ್ಯೂಟರ್‌ನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಬಿಡಿಸುವ ಸಿಎಇಡಿಗೆ. ಸಿ ಅಥವಾ ಪೈಥಾನ್ ಕೋಡ್ ಯಾವ ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಸಿಎಇಡಿಗೆ ಅನೇಕ ಕಾಲೇಜುಗಳು ಸಾಲಿಡ್ ಎಡ್ಜ್ ಎಂಬ ಸಾಫ್ಟ್‌ವೇರ್ ಬಳಸುತ್ತವೆ. ವಿದ್ಯಾರ್ಥಿಗಳಿಗೆ ಅದರ ಉಚಿತ ಆವೃತ್ತಿ ಸಿಗುತ್ತದೆ, ಆದರೆ ವಿಂಡೋಸ್ ಬೇಕೇ ಬೇಕು. ಮನೆಯಲ್ಲಿ ಹಣದ ಬಿಗಿ ಇದ್ದರೆ ಕಾಲೇಜು ಲ್ಯಾಬಿನಲ್ಲೇ ಒಂದು ವರ್ಷ ತಳ್ಳಬಹುದು. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ನಿಮಗೆ ಏನು ಬೇಕು ಅನ್ನುವುದೂ ಸ್ಪಷ್ಟವಾಗಿರುತ್ತದೆ.

ಬ್ರಾಂಚ್ ಯಾವುದು?

ಮೆಕ್ಯಾನಿಕಲ್ ಮತ್ತು ಸಿವಿಲ್‌ನವರು ಹೆಚ್ಚು ಯೋಚಿಸಬೇಕಾಗಿಲ್ಲ, ವಿಂಡೋಸ್ ತೆಗೆದುಕೊಳ್ಳಿ. ಸಾಲಿಡ್‌ವರ್ಕ್ಸ್, ರೆವಿಟ್, ಸ್ಟ್ಯಾಡ್ ಪ್ರೊ, ಇಟ್ಯಾಬ್ಸ್ ಎಂಬ ಡಿಸೈನ್ ಸಾಫ್ಟ್‌ವೇರ್‌ಗಳೆಲ್ಲವೂ ವಿಂಡೋಸ್‌ಗೆಂದೇ ಮಾಡಿದವು. ಆನ್ಸಿಸ್‌ನ ಉಚಿತ ವಿದ್ಯಾರ್ಥಿ ಆವೃತ್ತಿಯೂ ಅಷ್ಟೆ. ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆಯಾದರೂ ವಿಂಡೋಸ್‌ನಲ್ಲಿರುವ ಎಲ್ಲ ಸೌಲಭ್ಯಗಳು ಅದರಲ್ಲಿಲ್ಲ.

ಇ ಆಂಡ್ ಸಿ, ಅಂದರೆ ಎಲೆಕ್ಟ್ರಾನಿಕ್ಸ್‌ನವರಿಗೆ ವಿಂಡೋಸ್ ಮತ್ತು ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಎರಡೂ ಬೇಕು. ಮೈಕ್ರೋಕಂಟ್ರೋಲರ್ ಲ್ಯಾಬಿನ ಕೈಲ್ ಮೈಕ್ರೋವಿಷನ್ ವಿಂಡೋಸ್‌ನದು. ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಆಗುವಂತೆ ಪ್ರೋಗ್ರಾಂ ಮಾಡಬಹುದಾದ ಚಿಪ್) ಕೆಲಸದ ವಿವಾಡೊ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ, ಆದರೆ ಡಿಸ್ಕಿನಲ್ಲಿ ಹತ್ತಾರು ಜಿಬಿ ಜಾಗ ನುಂಗುತ್ತದೆ. ವಿಎಲ್‌ಎಸ್‌ಐ, ಅಂದರೆ ಚಿಪ್ ವಿನ್ಯಾಸದ ಲ್ಯಾಬಿನ ಕೇಡೆನ್ಸ್ ಸಾಫ್ಟ್‌ವೇರ್ ಲಿನಕ್ಸ್ ಮೇಲೆ ನಡೆಯುವಂಥದ್ದು. ಅದರ ಲೈಸೆನ್ಸ್ ಕಾಲೇಜಿನ ಸರ್ವರ್‌ನಲ್ಲಿರುವುದರಿಂದ ಮನೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೂ ಲಿನಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಬಳಕೆ ಮನೆಯಲ್ಲೇ ರೂಢಿಯಾಗಿದ್ದರೆ ಲ್ಯಾಬಿನ ಸಮಯ ಸರ್ಕ್ಯೂಟ್ ಕೆಲಸಕ್ಕೇ ಉಳಿಯುತ್ತದೆ.

ಕಂಪ್ಯೂಟರ್ ಸೈನ್ಸ್‌ನವರಿಗೆ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಸಿಸ್ಟಂ ನಡೆಯುತ್ತವೆ ಅನ್ನುವ ಮಾತಿದೆ. ಅದು ಪೂರ್ತಿ ನಿಜವಲ್ಲ. ಆಪರೇಟಿಂಗ್ ಸಿಸ್ಟಂ ಲ್ಯಾಬಿನಲ್ಲಿ ಫೋರ್ಕ್, ಎಕ್ಸೆಕ್, ವೇಟ್ ಎಂಬ ಸಿಸ್ಟಂ ಕಾಲ್‌ಗಳನ್ನು (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂನಿಂದ ಕೆಲಸ ಕೇಳುವ ಕರೆಗಳನ್ನು) ಬಳಸಿ ಪ್ರೋಗ್ರಾಂ ಬರೆಸುತ್ತಾರೆ. ಫೋರ್ಕ್ ಯುನಿಕ್ಸ್ ಪರಂಪರೆಯದು, ಲಿನಕ್ಸ್ ಕೂಡ ಅದೇ ಪರಂಪರೆಯದು. ಓಡುತ್ತಿರುವ ಪ್ರೊಸೆಸ್‌ನ (ಪ್ರೋಗ್ರಾಮಿನ) ನಕಲೊಂದು ಹುಟ್ಟಿ, ತಾಯಿ ಮಗು ಎರಡೂ ಅದೇ ಸಾಲಿನಿಂದ ಮುಂದುವರಿಯುತ್ತವೆ. ವಿಂಡೋಸ್ ಹೊಸ ಪ್ರೊಸೆಸ್ ಹುಟ್ಟಿಸುವ ರೀತಿಯೇ ಬೇರೆ. ಬೇಕಾದ ಪ್ರೋಗ್ರಾಮನ್ನು ಮೊದಲಿನಿಂದ ಲೋಡ್ ಮಾಡಿ ಶುರುಮಾಡುತ್ತದೆ. ಹಾಗಾಗಿ ವಿಂಡೋಸ್‌ನಲ್ಲಿ ಮಿನ್‌ಜಿಡಬ್ಲ್ಯೂ ಎಂಬ ಸಿ ಕಂಪೈಲರ್ ಹಾಕಿಕೊಂಡು ಆ ಕೋಡ್ ಕಂಪೈಲ್ ಮಾಡಿದರೆ ಫೋರ್ಕ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಕೋಡ್ ಸರಿಯಾಗಿಯೇ ಇರುತ್ತದೆ, ಸಿಸ್ಟಂ ಬೇರೆ ಅಷ್ಟೆ. ಇದು ಗೊತ್ತಿಲ್ಲದೆ ಇಡೀ ಸಂಜೆ ಸೆಮಿಕೋಲನ್ ಹುಡುಕುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪರಿಹಾರ ಸುಲಭ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಎಂಬ ಸೌಲಭ್ಯ 2016ರಿಂದ ಇದೆ. ಅದರ ಎರಡನೇ ಆವೃತ್ತಿ ನಿಜವಾದ ಲಿನಕ್ಸ್ ಕರ್ನೆಲ್ಲನ್ನೇ, ಅಂದರೆ ಲಿನಕ್ಸ್‌ನ ತಿರುಳನ್ನೇ ಓಡಿಸುತ್ತದೆ. ಬಹುಪಾಲು ವಿದ್ಯಾರ್ಥಿಗಳಿಗೆ ವಿಂಡೋಸ್ 11 ಜೊತೆಗೆ ಡಬ್ಲ್ಯೂಎಸ್ಎಲ್ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಡೀ ದಿನ ಲಿನಕ್ಸ್‌ನಲ್ಲೇ ಕೆಲಸ ಮಾಡುವ ಆಸೆಯಿದ್ದರೆ ಡ್ಯುಯಲ್ ಬೂಟ್ ಮಾಡಿ, ಅಂದರೆ ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಳ್ಳಿ. ಮೊದಲು ಫೈಲ್‌ಗಳ ಬ್ಯಾಕಪ್ ತೆಗೆಯಿರಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಬೂಟ್ ವ್ಯವಸ್ಥೆ ಬದಲಾದದ್ದು ಕಂಡರೆ ವಿಂಡೋಸ್ ಆ ಕೀ ಕೇಳಬಹುದು, ಅದಿಲ್ಲದಿದ್ದರೆ ಫೈಲ್‌ಗಳು ಹೋದಂತೆಯೇ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಎಂಬ ಸೆಟ್ಟಿಂಗ್ ಆಫ್ ಮಾಡಿ. ಆಮೇಲೆ ಗಡಿಯಾರ ಐದೂವರೆ ಗಂಟೆ ಆಚೀಚೆ ತೋರಿಸಿದರೆ ಗಾಬರಿ ಬೇಡ. ಯಂತ್ರದೊಳಗಿನ ಗಡಿಯಾರದಲ್ಲಿರುವುದು ಭಾರತದ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ (ಜಗತ್ತಿನ ಪ್ರಮಾಣ ಸಮಯ) ಎಂದು ಲಿನಕ್ಸ್ ತಿಳಿಯುತ್ತದೆ. ಒಂದು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ.

ಮ್ಯಾಕ್ ಮತ್ತು ಆರ್ಮ್ ಚಿಪ್‌ಗಳ ವಿಷಯ

2020ರ ನವೆಂಬರ್‌ನಲ್ಲಿ ಎಂ1 ಚಿಪ್ಪಿನ ಮ್ಯಾಕ್ ಬಂದಾಗಿನಿಂದ ಆಪಲ್ ಇಂಟೆಲ್ ಚಿಪ್ ಬಿಟ್ಟು ಆರ್ಮ್ ಎಂಬ ಬೇರೆ ವಿನ್ಯಾಸದ ಚಿಪ್ ಕಡೆಗೆ ಹೋಯಿತು. ಆ ಯಂತ್ರಗಳಲ್ಲಿ ವಿಂಡೋಸ್ ಹಾಕಿಕೊಳ್ಳಲು ನೆರವಾಗುತ್ತಿದ್ದ ಬೂಟ್ ಕ್ಯಾಂಪ್ ಇಲ್ಲ. ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟುವ ಇನ್ನೊಂದು ಕಂಪ್ಯೂಟರಿನಲ್ಲಿ) ಹಾಕಿದರೂ ಓಡುವುದು ಆರ್ಮ್‌ಗೆ ಮಾಡಿದ ವಿಂಡೋಸ್. ಎಕ್ಸ್86, ಅಂದರೆ ಇಂಟೆಲ್ ಮಾದರಿಯ ಚಿಪ್‌ಗೆ ಬರೆದ ಪ್ರೋಗ್ರಾಮನ್ನು ಅದು ಓಡುವಾಗಲೇ ಅನುವಾದ ಮಾಡಿಕೊಳ್ಳುತ್ತದೆ. ಸಾಮಾನ್ಯ ಅಪ್ಲಿಕೇಶನ್‌ಗಳು ಹೀಗೆ ದಾಟಿಬಿಡುತ್ತವೆ. ಯಂತ್ರಕ್ಕೆ ಜೋಡಿಸಿದ ಸಾಧನಗಳನ್ನು ನಡೆಸುವ ಡ್ರೈವರ್‌ಗಳಿಗೆ ಮಾತ್ರ ಈ ಅನುವಾದ ಸಿಗುವುದಿಲ್ಲ, ಅವು ಆರ್ಮ್‌ಗೆಂದೇ ಬರೆದಿರಬೇಕು. ಬೋರ್ಡಿಗೆ ಕೋಡ್ ಇಳಿಸುವ ಕೇಬಲ್, ಲೈಸೆನ್ಸ್‌ಗಾಗಿ ಯುಎಸ್‌ಬಿಗೆ ಚುಚ್ಚುವ ಡಾಂಗಲ್, ಹಳೆಯ ಪ್ರಿಂಟರ್ ಕೈಕೊಡುವುದು ಇಲ್ಲೇ. ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಸಿಎಸ್ ಓದುವವರಿಗೆ ಮ್ಯಾಕ್ ಒಳ್ಳೆಯ ಯಂತ್ರ, ಅದೂ ಯುನಿಕ್ಸ್ ಆದ್ದರಿಂದ ಫೋರ್ಕ್ ಅಲ್ಲೂ ಕೆಲಸ ಮಾಡುತ್ತದೆ. ಮೆಕ್ಯಾನಿಕಲ್, ಸಿವಿಲ್, ಇ ಆಂಡ್ ಸಿಯವರು ಅದಕ್ಕೆ ಹಣ ಹಾಕುವುದು ಬೇಡ.

ಯಂತ್ರದೊಳಗೆ ಏನು ನೋಡಬೇಕು

ರ‍್ಯಾಮ್ 16 ಜಿಬಿ ಇರಲಿ. 8 ಜಿಬಿಯದನ್ನೇ ಕೊಳ್ಳುವ ಪರಿಸ್ಥಿತಿಯಿದ್ದರೆ ಮುಂದೆ ಹೆಚ್ಚಿಸಲು ಸ್ಲಾಟ್ ಇದೆಯೇ ಎಂದು ಕೇಳಿ. ತೆಳ್ಳಗಿನ ಎಷ್ಟೋ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅದನ್ನು ಬದಲಿಸಲಾಗದು. 512 ಜಿಬಿ ಎಸ್ಎಸ್‌ಡಿ ಸಾಕು. ಇಂಟೆಲ್ ಪ್ರೊಸೆಸರ್ ಆದರೆ ಹೆಸರಿನ ಕೊನೆಯ ಅಕ್ಷರ ನೋಡಿ. ಯು ಇದ್ದರೆ ಬ್ಯಾಟರಿ ಉಳಿಸುವುದು, ಎಚ್ ಇದ್ದರೆ ಹೆಚ್ಚು ಶಕ್ತಿಯದು. ಎಚ್ ಇರುವವು ಬೇಗ ಬಿಸಿಯಾಗುತ್ತವೆ, ತೂಕವೂ ಹೆಚ್ಚು. ದಿನಾ ಬಸ್ಸಿನಲ್ಲಿ ನಿಂತು ಹೋಗುವವರು ಚಾರ್ಜರ್ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕ್ಯಾಡ್, ಅಂದರೆ ಕಂಪ್ಯೂಟರ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡುವಾಗ ಕೆಲಸ ಬಹುಪಾಲು ಪ್ರೊಸೆಸರ್‌ನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಬೀಳುತ್ತದೆ. ರಂಧ್ರ, ಅಂಚಿನಂಥ ಒಂದು ಫೀಚರ್ ಮುಗಿಯದೆ ಮುಂದಿನದನ್ನು ಲೆಕ್ಕ ಹಾಕಲಾಗದು. ಆದ್ದರಿಂದ ಅಲ್ಲಿ ಕೋರ್‌ಗಳ ಸಂಖ್ಯೆಗಿಂತ ಒಂದು ಕೋರಿನ ವೇಗ ಮುಖ್ಯ. ಸಿಮ್ಯುಲೇಶನ್‌ಗೆ ಹೆಚ್ಚು ಕೋರ್, ಹೆಚ್ಚು ರ‍್ಯಾಮ್ ಎರಡೂ ಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ 3ಡಿ ಕೆಲಸಕ್ಕೆ ನೆರವಾಗುತ್ತದೆ. ಮಷೀನ್ ಲರ್ನಿಂಗ್‌ಗೆಂದು ಕೊಳ್ಳುವುದಾದರೆ ಎನ್‌ವಿಡಿಯಾ ಕಾರ್ಡ್ ಇರಲಿ, ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕ ಮಾಡಿಸುವ ಕುಡಾ ಓಡುವುದು ಅದರಲ್ಲೇ. ಕಲಿಕೆಯ ಹಂತಕ್ಕೆ ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೋಲ್ಯಾಬ್ ಉಚಿತವಾಗಿ ಸಿಗುತ್ತದೆ, ಹಾಗಾಗಿ ಕಾರ್ಡಿಗೆಂದೇ ಸಾಲ ಮಾಡಬೇಡಿ.

ಗಣಿತದ ಲೆಕ್ಕಗಳಿಗೆ ಬಳಸುವ ಮ್ಯಾಟ್‌ಲ್ಯಾಬ್‌ನ ಲೈಸೆನ್ಸ್ ಕಾಲೇಜಿನಲ್ಲಿ ಇಲ್ಲದಿದ್ದರೆ ಸೈಲ್ಯಾಬ್ ಅಥವಾ ಆಕ್ಟೇವ್ ಹಾಕಿಕೊಳ್ಳಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಇಂಥ ಉಚಿತ ಸಾಫ್ಟ್‌ವೇರ್‌ಗಳ ಪಾಠಗಳಿವೆ, ಕನ್ನಡದಲ್ಲೂ ಹಲವು ಸಿಗುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಅದಕ್ಕಿಂತ ಹಳೆಯದು ಅಗ್ಗಕ್ಕೆ ಸಿಕ್ಕರೆ ಸಿಎಸ್‌ನವರು ಧೈರ್ಯವಾಗಿ ಕೊಂಡು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04 ಹಾಕಬಹುದು. 2024ರ ಏಪ್ರಿಲ್‌ನಲ್ಲಿ ಬಂದ ಅದಕ್ಕೆ ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ಹೊಸದನ್ನೇ ಕೊಳ್ಳುವವರು ಬಿಲ್ ಮಾಡಿಸುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಕಾಲೇಜಿರುವ ಊರಿನಲ್ಲಿದೆಯೇ, ರಿಪೇರಿಗೆ ಹಾಸ್ಟೆಲ್‌ವರೆಗೆ ಬರುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ.