ರೆಸಿಸ್ಟೆನ್ಸ್ ನಿಮ್ಮ ದೇಹಕ್ಕೆ ಬಂದಿರೋದಲ್ಲ

ಮೂತ್ರದಲ್ಲಿರೋ ಬ್ಯಾಕ್ಟೀರಿಯಾನ ಬೆಳೆಸಿ ಯಾವ ಆಂಟಿಬಯಾಟಿಕ್‌ಗೆ ಸಾಯುತ್ತೆ ಅಂತ ನೋಡೋ ಯೂರಿನ್ ಕಲ್ಚರ್ ರಿಪೋರ್ಟಲ್ಲಿ ಸಾಲಾಗಿ 'ಆರ್' (ರೆಸಿಸ್ಟೆಂಟ್, ಅಂದ್ರೆ ಆ ಔಷಧಿಗೆ ಬಗ್ಗಲ್ಲ) ಕಂಡ್ರೆ ಜನ ಕೇಳೋದು ಒಂದೇ ಮಾತು, "ಡಾಕ್ಟ್ರೇ, ನನ್ನ ಬಾಡಿ ಮಾತ್ರೆಗೆ ಒಗ್ಗಿಹೋಗಿದ್ಯಾ?" ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೂತು ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ನಿಮ್ಮ ಬಾಡಿ ಇದ್ದ ಹಾಗೇ ಇದೆ, ಬದಲಾಗಿರೋದು ಬ್ಯಾಕ್ಟೀರಿಯಾ. ಮೊನ್ನೆ ರಿಟೈರ್ಡ್ ಮೇಷ್ಟ್ರೊಬ್ರು ಹೆಂಡತಿ ರಿಪೋರ್ಟ್ ಹಿಡ್ಕೊಂಡು ಬಂದು "ಇವಳು ಜ್ವರ ಬಂದ್ರೂ ಕಷಾಯ ಕುಡಿಯೋಳು, ಆಂಟಿಬಯಾಟಿಕ್ ಮುಟ್ಟಿದವಳೇ ಅಲ್ಲ, ಇವಳಿಗೆ ಹೇಗೆ ಬಂತು?" ಅಂದ್ರು. ಎಷ್ಟು ಒಳ್ಳೆ ಪ್ರಶ್ನೆ! ಬೇರೆ ಯಾರದೋ ಹೊಟ್ಟೆಯಲ್ಲಿ ಬೆಳೆದ ರೆಸಿಸ್ಟೆಂಟ್ ಇ ಕೋಲಿ ಅನ್ನೋ ಕರುಳಿನ ಬ್ಯಾಕ್ಟೀರಿಯಾ ನೀರಿಂದಲೋ ಊಟದಿಂದಲೋ ಅವರಿಗೆ ಬಂದಿರಬಹುದು, ಎಲ್ಲಿಂದ ಅಂತ ರಿಪೋರ್ಟ್ ನೋಡಿ ಹೇಳೋಕಾಗಲ್ಲ.

ಇಷ್ಟು ಒಪ್ಪಿದ ಮೇಲೆ ಇನ್ನೊಂದು ತಪ್ಪು ಕಲ್ಪನೆ ಶುರುವಾಗುತ್ತೆ, "ಹಾಗಾದ್ರೆ ಬ್ಯಾಕ್ಟೀರಿಯಾ ಔಷಧಿ ನೋಡಿ ಕಲ್ತುಕೊಳ್ತು." ಇಲ್ಲ, ಏನೂ ಕಲಿಯಲ್ಲ. ಒಳ್ಳೆ ಆಹಾರ ಸಿಕ್ರೆ ಇ ಕೋಲಿ 20 ನಿಮಿಷಕ್ಕೆ ಒಂದಿದ್ದದ್ದು ಎರಡಾಗುತ್ತೆ, ಪ್ರತಿ ಸಲ ಡಿಎನ್‌ಎ ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗುತ್ತೆ, ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ಎಲ್ಲೋ ಒಂದೆರಡಕ್ಕೆ ಆ ತಪ್ಪಿಂದಲೇ ಔಷಧಿ ತಡ್ಕೊಳ್ಳೋ ಶಕ್ತಿ ಬಂದಿರುತ್ತೆ, ನೀವು ಮಾತ್ರೆ ನುಂಗೋ ಮೊದಲೇ. ಮಾತ್ರೆ ಉಳಿದದ್ದನ್ನೆಲ್ಲ ಕೊಲ್ಲುತ್ತೆ, ಖಾಲಿ ಆದ ಜಾಗದಲ್ಲಿ ಈ ಒಂದೆರಡರ ಸಂತತಿ ತುಂಬ್ಕೊಳ್ಳುತ್ತೆ. (ಒಂದರಿಂದ ಇನ್ನೊಂದಕ್ಕೆ ಜೀನ್ ದಾಟೋದೂ ಉಂಟು, ಅದು ಬೇರೆ ಕಥೆ.) 1943ರಲ್ಲೇ ಲೂರಿಯಾ ಮತ್ತು ಡೆಲ್‌ಬ್ರುಕ್ ಅನ್ನೋ ವಿಜ್ಞಾನಿಗಳು ಇದನ್ನ ತೋರಿಸಿದ್ರು, ಅಲ್ಲಿ ಔಷಧಿ ಬದಲು ಬ್ಯಾಕ್ಟೀರಿಯಾ ಕೊಲ್ಲೋ ವೈರಸ್ ಬಳಸಿದ್ರು, ಬದುಕಿ ಉಳಿದವುಗಳಲ್ಲಿ ಬದಲಾವಣೆ ವೈರಸ್ ಮುಟ್ಟೋ ಮೊದಲೇ ಆಗಿತ್ತು.

ನಮ್ಮ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಸವರಿ ಔಷಧಿ ಡಿಸ್ಕ್ (ಔಷಧಿ ಹಾಕಿದ ಕಾಗದದ ಪುಟ್ಟ ಬಿಲ್ಲೆ) ಇಟ್ಟ ಪ್ಲೇಟನ್ನ ರಾತ್ರಿ ಇನ್‌ಕ್ಯುಬೇಟರಲ್ಲಿಟ್ಟು ಬೆಳಿಗ್ಗೆ ತೆಗೆದ್ರೆ ಡಿಸ್ಕ್ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಕಾಣುತ್ತೆ, ಕೆಲವೊಮ್ಮೆ ಅದರೊಳಗೇ ಸಾಸಿವೆಗಿಂತ ಸಣ್ಣ ಎರಡು ಮೂರು ಕಾಲೊನಿ, ಅಂದ್ರೆ ಬ್ಯಾಕ್ಟೀರಿಯಾ ಗುಂಪು. ಕಲ್ಮಶ ಸೇರಿಲ್ಲ ಅಂತ ಮತ್ತೆ ಚೆಕ್ ಮಾಡ್ಬೇಕು, ಆದ್ರೆ ಅದೇ ಬ್ಯಾಕ್ಟೀರಿಯಾ ಆಗಿದ್ರೆ, ಔಷಧಿ ತಡ್ಕೊಂಡವು ಮಾತ್ರ ಉಳಿದು ಬೆಳೆದಿವೆ, ನೀವು ನೋಡ್ತಿರೋದೇ ಜೀವವಿಕಾಸ.

ನಮ್ಮಲ್ಲಿ ವಿಕಾಸ ಅಂದ್ರೆ ಮಂಗನ ಮಾತು ಅಷ್ಟೇ. 2018ರಲ್ಲಿ ಕೇಂದ್ರ ಸಚಿವರೊಬ್ರು ಮಂಗ ಮನುಷ್ಯ ಆಗಿದ್ದನ್ನ ಯಾರೂ ನೋಡಿಲ್ಲ ಅಂತ ಡಾರ್ವಿನ್ನನ್ನೇ ತಪ್ಪು ಅಂದ್ರು, ಬೆಂಗಳೂರಿನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಅದನ್ನ ಖಂಡಿಸಿದ್ವು. ಆಮೇಲೆ ಕೋವಿಡ್ ಕಾಲದಲ್ಲಿ ಮಕ್ಕಳ ಓದಿನ ಹೊರೆ ಇಳಿಸ್ತೀವಿ ಅಂತ ಪಠ್ಯಪುಸ್ತಕ ಮಾಡೋ ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸಿಂದ ವಿಕಾಸದ ಭಾಗವನ್ನೇ ತೆಗೀತು, 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನ ವಿರೋಧಿಸಿ ಪತ್ರ ಬರೆದ್ರು. ಹನ್ನೆರಡನೇ ಕ್ಲಾಸ್ ಬಯಾಲಜಿಯಲ್ಲಿ ಇದೆಯಲ್ಲ ಅಂತೀರಾ? ಕಾಮರ್ಸ್, ಆರ್ಟ್ಸ್ ಬಿಡಿ, ಪಿಸಿಎಂಸಿ (ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್) ತಗೊಂಡ ಮಕ್ಕಳೂ ಅದನ್ನ ಓದಲ್ಲ, ನಾಳೆ ಮಾತ್ರೆ ನುಂಗೋರು ಅವರೂ ಹೌದು.

ಟೀಚರ್‌ಗಳೇ, ದಯವಿಟ್ಟು ಮಂಗನಿಂದ ಶುರು ಮಾಡ್ಬೇಡಿ, ಟಿಬಿಯಿಂದ ಮಾಡಿ. ನಾಲ್ಕು ಔಷಧಿ ಒಟ್ಟಿಗೆ ಯಾಕೆ ಕೊಡ್ತಾರೆ ಅಂತ ಕೇಳಿ. ಒಂದಕ್ಕೆ ಬಗ್ಗದ ಟಿಬಿ ಬ್ಯಾಕ್ಟೀರಿಯಾ ಶ್ವಾಸಕೋಶದಲ್ಲಿ ಮೊದಲೇ ಇರಬಹುದು, ನಾಲ್ಕಕ್ಕೂ ಬಗ್ಗದ್ದು ಒಂದೇ ಬ್ಯಾಕ್ಟೀರಿಯಾದಲ್ಲಿ ಸಿಗೋದು ತೀರಾ ಅಪರೂಪ, ಹಾಗಾಗಿ ಒಂದರಿಂದ ತಪ್ಪಿದ್ದನ್ನ ಇನ್ನೊಂದು ಕೊಲ್ಲುತ್ತೆ. ಬೇರೆ ಸೋಂಕುಗಳಿಗೆ ಎಷ್ಟು ದಿನ ಮಾತ್ರೆ ಬೇಕು ಅನ್ನೋದು ಡಾಕ್ಟರಿಂದ ಡಾಕ್ಟರಿಗೆ ಬದಲಾಗಬಹುದು, ಆದ್ರೆ ಟಿಬಿಯಲ್ಲಂತೂ ಕೆಮ್ಮು ನಿಲ್ತು ಅಂತ ನೀವಾಗೇ ಬಿಡ್ಬೇಡಿ.