ಕಾಡಿನ ವಿಧೇಯಕ ಕಂದಾಯದ ಕಡತದಲ್ಲಿ

ಅಧಿವೇಶನ ಶುರುವಾದೊಡನೆ ವಿಧಾನಸಭೆಯ ಜಾಲತಾಣದಲ್ಲಿ 'ಪರಿಸರ' ಎಂದು ಹುಡುಕಿ, ಏನೂ ಸಿಗದಿದ್ದರೆ ನೆಮ್ಮದಿಯಿಂದ ಕೂರುವವರು ಹಾಸನ, ಚಿಕ್ಕಮಗಳೂರಿನ ಸಂಘಟನೆಗಳಲ್ಲಿ ಕಡಿಮೆಯೇನಿಲ್ಲ. ಆದರೆ ಮಲೆನಾಡಿನ ಕಾಡು, ಕೆರೆ, ಹಳ್ಳಗಳ ಹಣೆಬರಹ ಬರೆಯುವ ವಿಧೇಯಕಗಳ ಹೆಸರಿನಲ್ಲಿ ಆ ಪದ ಬರುವುದೇ ಅಪರೂಪ. ಕಾಫಿ, ಏಲಕ್ಕಿ, ಮೆಣಸಿಗೆ ಒತ್ತುವರಿಯಾದ ಸರ್ಕಾರಿ ಜಮೀನನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡಲು ದಾರಿ ಮಾಡಿದ್ದು ಅರಣ್ಯ ಇಲಾಖೆಯ ಶಾಸನವಲ್ಲ; 2022ರಲ್ಲಿ ಭೂಕಂದಾಯ ಕಾಯ್ದೆಗೆ ತಂದ ತಿದ್ದುಪಡಿ. ಮೂಡಿಗೆರೆ, ಸಕಲೇಶಪುರದ ಗುಡ್ಡಗಳಿಗೆ ಅದು ಎಷ್ಟು ದೊಡ್ಡ ವಿಷಯ ಎಂಬುದು ಶೀರ್ಷಿಕೆ ನೋಡಿದವರಿಗೆ ಹೊಳೆಯುತ್ತಿರಲಿಲ್ಲ.

ಹಾಗಾಗಿ ಪದ ಹುಡುಕುವುದನ್ನು ಬಿಟ್ಟು ಮೂಲ ಕಾಯ್ದೆಗಳ ಪಟ್ಟಿ ಇಟ್ಟುಕೊಳ್ಳಿ. ಅರಣ್ಯ ಕಾಯ್ದೆ 1963, ಭೂಕಂದಾಯ ಕಾಯ್ದೆ 1964, ಭೂಸುಧಾರಣಾ ಕಾಯ್ದೆ 1961, ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961, ನೀರಾವರಿ ಕಾಯ್ದೆ 1965, ವೃಕ್ಷ ಸಂರಕ್ಷಣಾ ಕಾಯ್ದೆ 1976, ಅಂತರ್ಜಲ ಕಾಯ್ದೆ 2011, ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ 2014. ಇವುಗಳಲ್ಲಿ ಯಾವುದರ ಹೆಸರಿನ ಮುಂದೆ 'ತಿದ್ದುಪಡಿ' ಎಂದು ಕಂಡರೂ ತೆರೆದು ಓದಬೇಕು. 2025ರಲ್ಲಿ ಬಂದ ಕೆರೆ ಪ್ರಾಧಿಕಾರ ತಿದ್ದುಪಡಿ ವಿಧೇಯಕ ಕೆರೆಯಂಚಿನ ಮೀಸಲು ಪ್ರದೇಶವನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬದಲಿಸಲು ಹೊರಟಿತ್ತು. ಬೆಂಗಳೂರಿನ ಕೆರೆಗಳ ಬಗ್ಗೆ ಗದ್ದಲವಾಯಿತು. ಅರಸೀಕೆರೆ, ಚನ್ನರಾಯಪಟ್ಟಣದ ಸಣ್ಣ ಕೆರೆಗಳಿಗೂ ಅದೇ ಕಾಯ್ದೆ ಎಂಬ ಮಾತು ಇಲ್ಲಿ ಅಷ್ಟಾಗಿ ಕೇಳಲಿಲ್ಲ.

ವಿಧೇಯಕವನ್ನು ಹಿಂದಿನಿಂದ ಓದುವುದು ಒಳ್ಳೆಯದು. ಕೊನೆಯ ಅನುಬಂಧದಲ್ಲಿ ಮೂಲ ಕಾಯ್ದೆಯ ಸಂಬಂಧಪಟ್ಟ ಭಾಗ ಇರುತ್ತದೆ. ಅದನ್ನು ಪಕ್ಕಕ್ಕಿಟ್ಟುಕೊಳ್ಳದೆ, '(2)ನೇ ಉಪಪ್ರಕರಣದಲ್ಲಿ ಈ ಪದಗಳನ್ನು ಬಿಟ್ಟುಬಿಡತಕ್ಕದ್ದು' ಎಂಬ ಸಾಲನ್ನು ಎಷ್ಟು ಸಲ ಓದಿದರೂ ತಲೆಬುಡ ತಿಳಿಯದು. ವಿಧೇಯಕದ 2ನೇ ಖಂಡ ಎಂದರೆ ಕಾಯ್ದೆಯ 2ನೇ ಪ್ರಕರಣ (ಸೆಕ್ಷನ್) ಅಲ್ಲ; ಇಲ್ಲಿ ಎಡವಿ ತಪ್ಪು ಪ್ರಕರಣಕ್ಕೆ ಆಕ್ಷೇಪ ಬರೆದ ಮನವಿಗಳು ಸೀದಾ ಕಡತದ ತಳ ಸೇರುತ್ತವೆ. 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ' ಸಾಮಾನ್ಯವಾಗಿ ನಯವಾಗಿಯೇ ಇರುತ್ತದೆ, ಅದನ್ನು ಓದಿ ತೃಪ್ತಿಪಡಬೇಡಿ. ಗಮನಿಸಬೇಕಾದ್ದು ಮೂರು ಮಾತು. 'ತಕ್ಕದ್ದು' ಇದ್ದಲ್ಲಿ 'ಬಹುದು' ಬಂದು, ಕಡ್ಡಾಯವಾಗಿದ್ದದ್ದು ಅಧಿಕಾರಿಯ ಇಚ್ಛೆಗೆ ಬಿಟ್ಟದ್ದಾಗಿದೆಯೇ? 'ಏನೇ ಒಳಗೊಂಡಿದ್ದರೂ' ಎಂಬ ಮಾತು ಯಾವ ಕಾಯ್ದೆಯನ್ನು ಬದಿಗೆ ಸರಿಸುತ್ತಿದೆ? 'ನಿಯಮಿಸಬಹುದಾದಂಥ' ಎಂಬುದು ಎಷ್ಟು ಸಲ ಬಂದಿದೆ? ಮೂರನೆಯದು ಹೆಚ್ಚಿದ್ದಷ್ಟೂ ನಿಜವಾದ ವಿಷಯ ಸದನದ ಮುಂದೆ ಬಂದಿಲ್ಲ, ಸರ್ಕಾರ ಆಮೇಲೆ ರಚಿಸುವ ನಿಯಮಗಳಿಗಾಗಿ ಕಾದಿದೆ ಎಂದರ್ಥ.

ಸಮಯದ ಲೆಕ್ಕ ಇನ್ನೂ ಬಿಗಿ. ಮಂಡನೆ, ಪರ್ಯಾಲೋಚನೆ, ಅಂಗೀಕಾರ ಮೂರೂ ಒಂದೆರಡು ದಿನದಲ್ಲಿ ಮುಗಿಯುವುದುಂಟು, ಅದೂ ಗದ್ದಲದ ನಡುವೆ. ಸದನದ ಕಾರ್ಯಕಲಾಪ ಪಟ್ಟಿ ಕೈಗೆ ಬಂದ ಮೇಲೆ ಓಡಿದರೆ ತಡವಾಯಿತು. ಸಚಿವ ಸಂಪುಟದ ತೀರ್ಮಾನಗಳಲ್ಲಿ ವಿಧೇಯಕದ ಹೆಸರು ಕಂಡ ದಿನವೇ ಕೆಲಸ ಶುರುವಾಗಬೇಕು. 224 ಶಾಸಕರಲ್ಲಿ ಹಾಸನದವರು 7, ಚಿಕ್ಕಮಗಳೂರಿನವರು 5. ಇವರ ಕೈಗೆ ನಾಲ್ಕು ಪುಟದ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ, 'ಇಂಥ ಖಂಡದ ಇಂಥ ಸಾಲಿನಲ್ಲಿ ಈ ಪದಗಳ ಬದಲು ಈ ಪದಗಳು' ಎಂಬ ಅರ್ಧ ಪುಟದ ತಿದ್ದುಪಡಿ ಕೊಡುವುದು ಹೆಚ್ಚು ಉಪಯೋಗ. ಸದನದಲ್ಲಿ ಮಂಡಿಸಲು ಬರುವುದು ಅದೊಂದೇ. ಕೆಳಮನೆಯಲ್ಲಿ ತಪ್ಪಿದರೆ ಪರಿಷತ್ತಿನ 75 ಸದಸ್ಯರಿದ್ದಾರೆ. ಆದರೆ ಪರಿಷತ್ತು ಹೆಚ್ಚೆಂದರೆ ತಡೆಯಬಲ್ಲದು: ಮೊದಲ ಸುತ್ತಿಗೆ 3 ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು.

ಸುಗ್ರೀವಾಜ್ಞೆ ಬಂದರೆ ಈ ಕ್ರಮವೆಲ್ಲ ತಲೆಕೆಳಗು. ಕೃಷಿ ಜಮೀನನ್ನು ಯಾರು ಕೊಳ್ಳಬಹುದು ಎಂಬುದಕ್ಕೆ ಮಿತಿ ಹಾಕಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಪ್ರಕರಣಗಳು ರದ್ದಾದದ್ದು 2020ರ ಜುಲೈನಲ್ಲಿ, ಸುಗ್ರೀವಾಜ್ಞೆಯ ಮೂಲಕ. ವಿಧೇಯಕ ಪರಿಷತ್ತನ್ನು ದಾಟಿದ್ದು ಡಿಸೆಂಬರಿನಲ್ಲಿ. ಸದನವನ್ನಷ್ಟೇ ನೋಡುತ್ತಿದ್ದವರಿಗೆ ಮಸೂದೆ ಇನ್ನೂ ಬಾಕಿಯಿದೆ ಎಂದೇ ಅನಿಸಿರಬೇಕು. ಕಾನೂನು ಅಷ್ಟರಲ್ಲಿ ಜಾರಿಯಲ್ಲಿತ್ತು. ಅಧಿವೇಶನ ಇಲ್ಲದ ತಿಂಗಳುಗಳಲ್ಲೂ ಇ-ರಾಜ್ಯಪತ್ರ (ಜಾಲತಾಣದಲ್ಲಿ ಬರುವ ಸರ್ಕಾರಿ ಗೆಜೆಟ್) ನೋಡಬೇಕು ಎನ್ನುವುದು ಇದಕ್ಕೇ.

ಎರಡೂ ಮನೆ ದಾಟಿದ ಮೇಲೆ ರಾಜ್ಯಪಾಲರ ಅಂಕಿತ. ಸಂವಿಧಾನದ 200ನೇ ವಿಧಿಯಲ್ಲಿ ಇದಕ್ಕೆ ಇಷ್ಟು ದಿನ ಎಂಬ ಗಡುವಿಲ್ಲ. ಅರಣ್ಯ, ವನ್ಯಜೀವಿ 1976ರ 42ನೇ ತಿದ್ದುಪಡಿಯಿಂದ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ, ಕೇಂದ್ರದ ಕಾಯ್ದೆಗೆ ತಾಗುವ ವಿಧೇಯಕ ರಾಷ್ಟ್ರಪತಿಯವರೆಗೂ ಹೋಗಬಹುದು. ಅಂಕಿತವಾದದ್ದು ರಾಜ್ಯಪತ್ರದ ವಿಶೇಷ ಸಂಚಿಕೆಯ 4ಎ ಭಾಗದಲ್ಲಿ ಬರುತ್ತದೆ, ಅದೂ ಹೊಸ ಸಂಖ್ಯೆಯೊಂದಿಗೆ. ಬೆಳಗಾವಿಯಲ್ಲಿ ಡಿಸೆಂಬರಿನಲ್ಲಿ ಅಂಗೀಕಾರವಾದದ್ದಕ್ಕೆ ಮುಂದಿನ ವರ್ಷದ ಅಧಿನಿಯಮ (ಕಾಯ್ದೆ) ಸಂಖ್ಯೆ ಬಿದ್ದು, ಹೆಸರಿನಲ್ಲಿ ಹಳೆಯ ವರ್ಷವೇ ಉಳಿಯಬಹುದು. ನಿಮ್ಮ ಪಟ್ಟಿಯಲ್ಲಿ ವಿಧೇಯಕ ಸಂಖ್ಯೆ, ಅಧಿನಿಯಮ ಸಂಖ್ಯೆ ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ. 'ಸರ್ಕಾರ ಗೊತ್ತುಪಡಿಸುವ ದಿನಾಂಕದಿಂದ' ಎಂದಿದ್ದರೆ ಜಾರಿ ಅಧಿಸೂಚನೆಗೆ ಇನ್ನೊಂದು ಕಾಲಂ.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಚಾರವನ್ನು ಮಾತ್ರ ವಿಧಾನಸೌಧದಲ್ಲಿ ಹುಡುಕಬೇಡಿ. ಅದು ಕೇಂದ್ರದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿಯ ಅಧಿಸೂಚನೆ. 2014ರಿಂದ 2024ರ ಜುಲೈ 31ರವರೆಗೆ ಆರು ಸಲ ಕರಡಾಗಿಯೇ ಹೊರಬಿತ್ತು, ಪ್ರತಿ ಸಲವೂ ಆಕ್ಷೇಪಕ್ಕೆ 60 ದಿನ. ಜಲಮಾಲಿನ್ಯದ 1974ರ ಕಾಯ್ದೆಯದು ಇನ್ನೊಂದು ತೆರ. ಅದು ರಾಜ್ಯಗಳ ಕೋರಿಕೆಯ ಮೇರೆಗೆ ಸಂಸತ್ತು ಸಂವಿಧಾನದ 252ನೇ ವಿಧಿಯಡಿ ಮಾಡಿದ ಕಾಯ್ದೆಯಾದ್ದರಿಂದ ರಾಜ್ಯ ತಾನಾಗಿ ತಿದ್ದಲಾರದು. ಸಂಸತ್ತು 2024ರಲ್ಲಿ ತಂದ ತಿದ್ದುಪಡಿಯನ್ನು ಒಪ್ಪಬೇಕಾದರೂ ಸದನಗಳ ನಿರ್ಣಯ ಬೇಕು. ಅಲ್ಲಿ ಕಾಯಬೇಕಾದ್ದು ವಿಧೇಯಕಕ್ಕಲ್ಲ, ನಿರ್ಣಯಕ್ಕೆ.

ಇನ್ನು ನಿಯಮಗಳು. ಎಷ್ಟು ಶುಲ್ಕ, ಯಾವ ನಮೂನೆ, ಯಾರು ಸ್ಥಳ ತನಿಖೆ ಮಾಡಬೇಕು, ಅರಣ್ಯ ಕಾಯ್ದೆಯ ನಾಲ್ಕನೇ ಪ್ರಕರಣದಡಿ, ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ ಅಧಿಸೂಚನೆಯಾದ ಜಾಗವನ್ನು ಅರಣ್ಯವೆಂದು ಎಣಿಸಬೇಕೋ ಬೇಡವೋ, ಇಂಥವು ಇತ್ಯರ್ಥವಾಗುವುದು ಇಲ್ಲೇ. ಕರಡು ನಿಯಮಕ್ಕೆ ಸಾಮಾನ್ಯವಾಗಿ 15 ಅಥವಾ 30 ದಿನ ಕೊಡುತ್ತಾರೆ. ದಿನ ಎಣಿಸುವುದು ರಾಜ್ಯಪತ್ರದಲ್ಲಿ ಪ್ರಕಟವಾದಂದಿನಿಂದ, ಪತ್ರಿಕೆಯಲ್ಲಿ ಸುದ್ದಿ ಬಂದಂದಿನಿಂದಲ್ಲ. ಆಕ್ಷೇಪವನ್ನು ಕರಡಿನಲ್ಲೇ ನಮೂದಿಸಿದ ಕಾರ್ಯದರ್ಶಿಯ ವಿಳಾಸಕ್ಕೆ, ಅಧಿಸೂಚನೆಯ ಸಂಖ್ಯೆ ಬರೆದು, ಸ್ವೀಕೃತಿ ಸಿಗುವ ಹಾಗೆ ಕಳಿಸಿ. ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟ ಪ್ರತಿ ಬೆಂಗಳೂರು ಮುಟ್ಟುವಷ್ಟರಲ್ಲಿ ಗಡುವು ಮುಗಿದಿರುತ್ತದೆ.